ಸಿಪಾಯಿ ಪಟದ ಕೆಳಗಿನ ಮನೆ

ಆಗೆಲ್ಲ ಗೋಡೆ ಎಂದರೆ ಬರೀ ಗೋಡೆ. ಈಗಿನ ಹಾಗೆ ಬಸ್ ನಿಲ್ದಾಣದ ತುಂಬ, ಲೈಟಿನ ಕಂಬದ ತುಂಬ, ಕೈಯಲ್ಲಿರುವ ಫೋನಿನ ತುಂಬ ಮನುಷ್ಯರ ಮುಖಗಳು ಹಲ್ಲು ಕಿರಿದುಕೊಂಡು ನಿಂತಿರುತ್ತಿರಲಿಲ್ಲ. ನಮ್ಮೂರ ಗೋಡೆಗಳ ಮೇಲೆ ಕುಳ್ಳು ತಟ್ಟಿದ ಗುರುತು, ಸುಣ್ಣ, ಕೆಮ್ಮಣ್ಣು, ಮದುವೆಯಾದ ಮನೆಯಾದರೆ ಬಾಗಿಲಿನ ಪಕ್ಕ ಒಂದು ಜೋಡಿ ಗಿಳಿ, ಅಷ್ಟೇ. ಆ ಗಿಳಿ ಬರೆಯುತ್ತಿದ್ದವನು ನಮ್ಮ ಬೀರಪ್ಪ ಕಾಕ, ಅಪ್ಪನ ತಮ್ಮ. ಇನ್ನು ಬಣ್ಣದ ಚಿತ್ರವೆಂದರೆ ಶಾಂತಣ್ಣನ ಹೋಟೆಲಿನ ಕ್ಯಾಲೆಂಡರಿನ ಲಕ್ಷ್ಮಿ ಒಬ್ಬಳೇ. ಅವಳೂ ಒಲೆಯ ಹೊಗೆ ಕುಡಿದು ಕುಡಿದು ನಮ್ಮ ಬಣ್ಣಕ್ಕೇ ಬಂದಿದ್ದಳು.

ಅಂಥ ಊರಿಗೆ, ಚೀನಾದವರ ಜೊತೆ ಯುದ್ಧವಾದ ಮರುವರ್ಷದ ಬೇಸಿಗೆಯಲ್ಲಿ, ಆಳೆತ್ತರದ ಒಬ್ಬ ಸಿಪಾಯಿ ಬಂದು ಗೋಡೆಯ ಮೇಲೆ ನಿಂತ. ನನಗೆ ಆಗ ಎಂಟು ವರ್ಷವೋ ಒಂಬತ್ತೋ. ಅವ್ವ ಒಂದು ಹೇಳುತ್ತಿದ್ದಳು, ಶಾಲೆಯವರು ಇನ್ನೊಂದು ಬರೆದುಕೊಂಡಿದ್ದರು. ಆ ಜಗಳ ಈಗ ಯಾಕೆ ಬಿಡಿ.

ನಮ್ಮೂರು ಕೊಟ್ಟೂರಿಗೆ ಎರಡು ಹರದಾರಿ ದೂರ, ಹರಪನಹಳ್ಳಿಗೆ ಹೋಗುವ ದಾರಿಯ ಮೇಲೆ. ನಮ್ಮದು ಕುರಿ ಸಾಕುವ ಮನೆ. ಅಪ್ಪ ಆ ತಿಂಗಳು ಕುರಿ ಹೊಡೆದುಕೊಂಡು ಹಡಗಲಿ ಆಚೆ ಹೊಳೆಸಾಲಿಗೆ ಹೋಗಿದ್ದ. ಮನೆಯಲ್ಲಿ ಉಳಿದವರು ಅಜ್ಜಿ, ಅವ್ವ, ಕಾಕ, ನಾನು ಮತ್ತು ಅಜ್ಜಿಯ ಪ್ರೀತಿಯ ಒಂದು ಆಡು. ಆ ಆಡಿಗೆ ನನಗಿಂತ ಹೆಚ್ಚು ಸದರ. ಒಲೆಯ ಮುಂದೆ ಅದು ಮಲಗಿದರೆ ನಾನು ಸುತ್ತು ಹಾಕಿಕೊಂಡು ಹೋಗಬೇಕಿತ್ತು.

ಆ ದಿನ ಅಜ್ಜಿ ಅಂಗಳದಲ್ಲಿ ಕಂಬಳಿಗೆ ಸರಿ ಹಚ್ಚುತ್ತಿದ್ದಳು. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಕುದಿಸಿ ಮಾಡುವ ಅಂಟು ಅದು. ಹೊಸ ಕಂಬಳಿಗೆ ಅದನ್ನು ತಿಕ್ಕಿ ಒಣಗಿಸಿದರೆ ಮಳೆಯ ನೀರು ಜಾರಿಹೋಗುತ್ತದೆ. ಬೆಂದ ಹುಣಸೆಬೀಜ, ಒದ್ದೆ ಉಣ್ಣೆ, ಆಡಿನ ಹಿಕ್ಕೆ, ಮೂರೂ ಸೇರಿದ ವಾಸನೆಯೇ ನನ್ನ ಪಾಲಿಗೆ ಮನೆಯ ವಾಸನೆ. ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಧೂಳೆಬ್ಬಿಸಿಕೊಂಡು ಒಂದು ಜೀಪು ಬಂತು. ಮೇಲೆ ಹೂವಿನಂಥ ಬಾಯಿಯ ಮೈಕು. ಸೈನ್ಯಕ್ಕೆ ಭರ್ತಿ ಮಾಡಿಕೊಳ್ಳುತ್ತಾರೆ, ಗಟ್ಟಿಮುಟ್ಟಾದ ಹುಡುಗರು ಬರಬೇಕು ಎಂದು ಕೂಗಿದರು. ಕೂಗಿದ ಮೇಲೆ ಸುರುಳಿ ಸುತ್ತಿದ ದೊಡ್ಡ ಕಾಗದ ತೆಗೆದರು. ನೋಡಿದರೆ ಅವರ ಅಂಟಿನ ಡಬ್ಬಿ ಖಾಲಿ. ಜೀಪಿನವನೊಬ್ಬ ನಮ್ಮ ಅಂಗಳಕ್ಕೆ ಬಂದ.

“ಅಮ್ಮಾ, ಸ್ವಲ್ಪ ಅಂಟು ಕೊಡ್ತೀರಾ?”

“ತಗೋ ಯಪ್ಪ,” ಎಂದು ಅಜ್ಜಿ ಒಂದು ಬೋಗುಣಿ ತುಂಬ ಸರಿ ಕೊಟ್ಟಳು. “ಇದು ಹಚ್ಚಿದ್ರ ಮಳಿ ಬಂದ್ರೂ ಬಿಡಂಗಿಲ್ಲ ನೋಡು.”

ಶಾಂತಣ್ಣನ ಹೋಟೆಲಿನ ಹೊರಗೋಡೆಗೆ ಅಜ್ಜಿಯ ಸರಿ ಬಳಿದು ಪಟ ಅಂಟಿಸಿ, ಜೀಪು ಮುಂದಿನ ಊರಿಗೆ ಹೋಯಿತು.

ನಾನು ಅದನ್ನು ಮೊದಲ ಸಲ ನೋಡಿದ ಗಳಿಗೆಯನ್ನು ಹೇಗೆ ಹೇಳಲಿ? ಬಾಯಿ ತೆರೆದವಳು ಮುಚ್ಚಲಿಲ್ಲ. ಹಸಿರು ಬಟ್ಟೆ, ಹೊಳೆಯುವ ಬೂಟು, ತಿರುವಿದ ಮೀಸೆ, ಕೈಯಲ್ಲಿ ಬಂದೂಕು. ಒಂದು ಕಾಲು ಬಂಡೆಯ ಮೇಲೆ. ಬೆನ್ನ ಹಿಂದೆ ಬೆಳ್ಳಗಿನ ಬೆಟ್ಟಗಳು, ಮೇಲೆ ಹಕ್ಕಿಯಷ್ಟು ದೊಡ್ಡ ವಿಮಾನ. ನಮ್ಮ ಕಡೆಯ ಗುಡ್ಡಗಳೆಂದರೆ ಕರೀ ಬಂಡೆ, ಸೀತಾಫಲದ ಗಿಡ, ಜಾಲಿ. ಬೆಟ್ಟ ಬೆಳ್ಳಗಿರಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ಇನ್ನು ಅವನ ಕಣ್ಣು. ಎಡಕ್ಕೆ ಹೋದರೂ ನನ್ನನ್ನೇ ನೋಡುತ್ತಿದ್ದ, ಬಲಕ್ಕೆ ಹೋದರೂ ನನ್ನನ್ನೇ. ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ‘ತಾಯ್ನಾಡು ಕರೆಯುತ್ತಿದೆ’ ಎಂದು ಬರೆದಿತ್ತು. ನಾನು ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದೆ. ಕೆಳಗಿನ ಸಾಲುಗಳನ್ನು ಓದುವಷ್ಟರಲ್ಲಿ ಅವ್ವ ರೊಟ್ಟಿ ತಿನ್ನಲು ಕರೆದಳು.

ಮಧ್ಯಾಹ್ನದ ಬಿಸಿಲಿಗೆ ಊರೆಲ್ಲ ಒರಗಿತು. ಸರಿಯ ವಾಸನೆ ಹಿಡಿದುಕೊಂಡು ನಮ್ಮ ಆಡು ಹೊರಟಿತು. ಬೋಗುಣಿ ನೆಕ್ಕಿ ರೂಢಿಯಾಗಿದ್ದ ಪ್ರಾಣಿ, ಅದಕ್ಕೆ ಗೋಡೆಯೂ ಒಂದು ದೊಡ್ಡ ಬೋಗುಣಿಯೇ. ಮುಂಗಾಲು ಎತ್ತದೆ ಎಷ್ಟು ನಿಲುಕುತ್ತದೋ ಅಷ್ಟನ್ನು, ಸಿಪಾಯಿಯ ಬೂಟಿನ ತಳದವರೆಗೆ, ನೀಟಾಗಿ ತಿಂದು ಮುಗಿಸಿತು. ನಾವು ಎದ್ದು ಬರುವಾಗ ಕೆಳಗೆ ಬೋಳು ಗೋಡೆ ಉಳಿದಿತ್ತು. ಆಡು ಅಲ್ಲೇ ನೆರಳಿಗೆ ಕೂತು ಮೆಲುಕು ಹಾಕುತ್ತಿತ್ತು.

“ಸರಕಾರದ ಪಟ ತಿಂದೈತಿ ನಿಮ್ಮಾಡು,” ಎಂದು ಶಾಂತಣ್ಣ ಅಜ್ಜಿಯನ್ನು ಕರೆತಂದ. “ನಾಳೆ ಯಾರರ ಬಂದು ಕೇಳಿದ್ರ ನಾನೇನು ಹೇಳ್ಲಿ?”

ಅಜ್ಜಿ ಆಡಿನ ಕಡೆ ತಿರುಗಿಯೂ ನೋಡಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಪಟವನ್ನು ನೋಡುತ್ತ ನಿಂತಳು. ಎಷ್ಟೋ ಹೊತ್ತು ನಿಂತಳು. ಆಮೇಲೆ ಮೆಲ್ಲಗೆ ಎರಡೂ ಕೈ ಜೋಡಿಸಿದಳು.

“ಪಾಪ, ಯಾರ ಮಗನೋ ಏನೋ. ಕೈಲಾಸ ಸೇರ್ಯಾನ.”

ಹೋಟೆಲಿನಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಅಜ್ಜಿ ಯಾಕೆ ಹಾಗೆ ಅಂದಳು ಎಂಬುದು ನಮ್ಮ ಮನೆಯವರಿಗೆ ಗೊತ್ತಿತ್ತು.

ಊರ ಹೊರಗೆ ರಸ್ತೆಯ ಅಂಚಿನಲ್ಲಿ, ಬೇವಿನ ಮರದ ಬುಡದಲ್ಲಿ, ನಮ್ಮ ಮನೆತನದ ಒಂದು ಕಲ್ಲಿದೆ. ಪುಸ್ತಕ ಓದಿದವರು ಅದನ್ನು ವೀರಗಲ್ಲು ಎನ್ನುತ್ತಾರೆ, ನಮಗೆ ಅದು ವೀರಪ್ಪ. ಎಂದೋ ಒಂದು ಕಾಲದಲ್ಲಿ ಕುರಿ ಕದಿಯಲು ಬಂದವರ ಜೊತೆ ಹೊಡೆದಾಡಿ ಸತ್ತ ಹಿರಿಯನ ಕಲ್ಲು. ಅದರಲ್ಲಿ ಒಂದರ ಮೇಲೊಂದು ಮೂರು ಚಿತ್ರ ಕೆತ್ತಿದ್ದಾರೆ. ಅಜ್ಜಿ ಅವನ್ನು ಮೂರು ಮನೆ ಎನ್ನುತ್ತಿದ್ದಳು, ನಾವು ಕುಂಟಾಟಕ್ಕೆ ನೆಲದಲ್ಲಿ ಗೀಚುವ ಮನೆಗಳ ಹಾಗೆ. ಕೆಳಗಿನ ಮನೆಯಲ್ಲಿ ಕುರಿಗಳು ಚೆದುರಿವೆ, ಹಿರಿಯ ಬಿದ್ದಿದ್ದಾನೆ, ಹೊಟ್ಟೆಯಲ್ಲಿ ಈಟಿ. ನಡುವಿನ ಮನೆಯಲ್ಲಿ ಇಬ್ಬರು ಹೆಂಗಸರು ಅವನ ರಟ್ಟೆ ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನ ಮನೆ ಕೈಲಾಸ. ಅಲ್ಲಿ ಅವನು ಗಾಯವಿಲ್ಲದೆ, ಧೂಳಿಲ್ಲದೆ, ಮೀಸೆ ತಿದ್ದಿಕೊಂಡು ಲಿಂಗದ ಮುಂದೆ ಕೂತಿದ್ದಾನೆ.

ನಮ್ಮ ಮನೆಯಿಂದ ಯಾರು ಕುರಿ ಹೊಡೆದುಕೊಂಡು ದೂರ ಹೋಗುವುದಿದ್ದರೂ ಮೊದಲು ಆ ಕಲ್ಲಿಗೆ ಹೋಗಬೇಕು. ಎಣ್ಣೆ ಹಚ್ಚಿ, ಮೊದಲು ಕೆಳಗಿನ ಮನೆ ಮುಟ್ಟಬೇಕು, ಆಮೇಲೆ ನಡುವಿನದು, ಕಡೆಗೆ ಮೇಲಿನದು. ಚಿಕ್ಕವಳಿದ್ದಾಗ ನಾನು ನಿಲುಕದಿದ್ದರೂ ಹಾರಿ ಹಾರಿ ಮೇಲಿನ ಮನೆ ಮುಟ್ಟಲು ಹೋಗಿ ಅಜ್ಜಿಯ ಕೈಯಿಂದ ಬೆನ್ನಿಗೆ ಗುದ್ದಿಸಿಕೊಂಡಿದ್ದೇನೆ. “ಏನಾಗಿತ್ತು ಅಂತ ತಿಳಕೊಳ್ಳದ ಮ್ಯಾಲಿಂದು ಮುಟ್ಟತೀಯೇನು?” ಎನ್ನುತ್ತಿದ್ದಳು.

ಹಾಗೆ ಕಲ್ಲು ನೋಡಿ ಬೆಳೆದ ಕಣ್ಣು ಅವಳದು. ಬೆಳ್ಳಗಿನ ಬೆಟ್ಟ ಅಂದರೆ ಕೈಲಾಸ. ಮಡಿಕೆ ಕೆಡದ ಬಟ್ಟೆ, ಗಾಯವಿಲ್ಲದ ಮೈ ಅಂದರೆ ಸತ್ತು ಮೇಲೆ ಹೋದವನು. ಪಟದಲ್ಲಿ ಮೇಲಿನ ಮನೆ ಮಾತ್ರ ಉಳಿದಿದೆ, ಕೆಳಗಿನ ಮನೆಯನ್ನು ತನ್ನ ಆಡು ತಿಂದಿದೆ ಎಂದು ಅವಳ ಲೆಕ್ಕ.

ಅದೇ ಸಂಜೆ, ನವಣೆ ಅನ್ನಕ್ಕೆ ಗುರೆಳ್ಳು ಪುಡಿ ಕಲಸಿಕೊಳ್ಳುತ್ತ, ಕಾಕ ಹೇಳಿದ.

“ಯವ್ವ, ನಾನು ಭರ್ತಿಗೆ ಹೋಗ್ತೀನಿ.”

ಅವ್ವನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅಜ್ಜಿ ಮಾತ್ರ ಉಣ್ಣುವುದನ್ನು ನಿಲ್ಲಿಸಲಿಲ್ಲ.

“ಯಾಕ?”

“ಆ ಬಿಳೇ ಗುಡ್ಡ ನೋಡಬೇಕು ನಾನು. ಹುಟ್ಟಿದಾಗಿಂದ ಕುರಿ ಬೆನ್ನ ನೋಡೀನಿ.”

“ಕೆಳಗಿನ ಮನ್ಯಾಗ ಏನಿತ್ತು?”

“ಯವ್ವ, ಅದರಾಗ ಕೆಳಗಿನ ಮನಿ ಇಲ್ಲ. ಅಕ್ಷರ ಇದ್ವು. ಎಲ್ಲಿಗೆ ಬರಬೇಕು ಅಂತ ಬರ್ದಿದ್ರು. ಶಾಂತಣ್ಣನೂ ನೋಡ್ಯಾನ.”

“ಶಾಂತ ಸುಳ್ಳು ಹೇಳ್ತಾನ. ನೀನೂ ಹೇಳ್ತಿ. ನಿನಗ ಹೋಗೋ ಆಸಿ ಐತಿ.” ಅಜ್ಜಿ ತಟ್ಟೆ ಸರಿಸಿದಳು. “ನನ್ನ ಸರಿ ಹಚ್ಚಿ ಅಂಟಿಸ್ಯಾರ, ನನ್ನ ಆಡು ತಿಂದೈತಿ, ನನ್ನ ಮಗನ್ನ ಕರ್ಯಾಕತ್ತೈತಿ. ಏನಿತ್ತು ಅಂತ ನನಗ ಗೊತ್ತಾಗಬೇಕು. ಅಲ್ಲಿತನ ನೀನು ಹೊಸ್ತಿಲ ದಾಟಬ್ಯಾಡ.”

ಕಾಕ ಹಟಮಾರಿ, ಆದರೆ ತಾಯಿಯ ಮಾತು ಮೀರುವ ಮಗನಲ್ಲ. ನನಗೋ ಎರಡೂ ಕಡೆ ಜೀವ ಎಳೆಯುತ್ತಿತ್ತು. ಕಾಕ ಹೋಗಿಬಿಟ್ಟರೆ ನನ್ನನ್ನು ಹೆಗಲ ಮೇಲೆ ಹೊರುವವರು ಯಾರು? ಆದರೆ ಹೋದರೆ ನಮ್ಮ ಕಾಕನೂ ಆ ಪಟದವನ ಹಾಗೆ ಹೊಳೆಯುತ್ತಾನಲ್ಲ. ನಾನು ದಿನಾ ಹೋಗಿ ಸಿಪಾಯಿಯ ಮುಖದ ಮೇಲೆ ಕಾಕನ ಮುಖ ಕೂರಿಸಿ ನೋಡುತ್ತಿದ್ದೆ. ಊರಿನ ಹುಡುಗರೆಲ್ಲ ಚಿಣಿಕೋಲು ಬಿಟ್ಟು ಜೋಳದ ದಂಟನ್ನು ಹೆಗಲಿಗೇರಿಸಿ ಬಂಡೆಯ ಮೇಲೆ ಒಂದು ಕಾಲಿಡುವ ಆಟ ಶುರು ಮಾಡಿದ್ದರು. ಆ ಆಟದಲ್ಲಿ ಯಾರೂ ಸಾಯುತ್ತಿರಲಿಲ್ಲ. ಬರೀ ನಿಲ್ಲುವುದು.

ಕೊಟ್ಟೂರು ಸ್ಟೇಷನ್ನಿನ ಗೋಡೆಗೂ ಇಂಥದೇ ಪಟ ಅಂಟಿಸಿದ್ದಾರೆ ಎಂದು ಯಾರೋ ಸುದ್ದಿ ತಂದರು. ಅಜ್ಜಿ ಸಂತೆಯ ದಿನ ಹೊರಟೇ ಬಿಟ್ಟಳು, ಜೊತೆಗೆ ಕಾಕ ಮತ್ತು ನಾನು. ನನ್ನನ್ನು ಯಾಕೆ ಕರೆದುಕೊಂಡಳು ಎಂಬುದು ಸ್ಟೇಷನ್ನಿಗೆ ಹೋದ ಮೇಲೆ ತಿಳಿಯಿತು.

ಅದೇ ಸಿಪಾಯಿ ಅಲ್ಲಿಯೂ ನಿಂತಿದ್ದ, ತಲೆಯಿಂದ ಬುಡದವರೆಗೆ ಪೂರ್ತಿ. ನನಗೆ ಮತ್ತೆ ಮೈ ಝುಂ ಎಂದಿತು. ಕಾಕ ಓದಲು ಬಾಯಿ ತೆರೆದ.

“ನೀ ಸುಮ್ನಿರು,” ಎಂದಳು ಅಜ್ಜಿ. “ಹುಡುಗಿ ಓದ್ಲಿ. ಆಕಿಗೆ ಯಾವ ಆಸಿನೂ ಇಲ್ಲ.”

ನಾನು ಬೂಟಿನ ಕೆಳಗೆ ಬೆರಳಿಟ್ಟು ಓದಿದೆ. ಧೈರ್ಯಶಾಲಿ ತರುಣರೇ, ಬನ್ನಿ. ಊಟ, ಬಟ್ಟೆ, ಗೌರವದ ಬಾಳು. ಆಮೇಲೆ ಯಾವ ಊರಿನ ಮೈದಾನಕ್ಕೆ ಬರಬೇಕು ಎಂಬುದು. ಮುಗಿಯಿತು.

“ಇನ್ನೊಮ್ಮಿ ಓದವ್ವ.”

ಇನ್ನೊಮ್ಮೆ ಓದಿದೆ. ಅಜ್ಜಿ ಬಗ್ಗಿ, ಅಕ್ಷರಗಳ ಕೆಳಗೆ, ಕಾಗದದ ಅಂಚಿನವರೆಗೆ ಕೈಯಾಡಿಸಿ ನೋಡಿದಳು, ಕತ್ತಲಲ್ಲಿ ಏನೋ ತಡಕಿದ ಹಾಗೆ. ಆಮೇಲೆ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟಳು.

“ಹಾಕೇ ಇಲ್ಲ ಇವ್ರು ಕೆಳಗಿನ ಮನಿ.”

“ಯವ್ವ, ಅದು ಕಲ್ಲಲ್ಲ, ಕಾಗದ,” ಎಂದು ಕಾಕ ಸಮಾಧಾನ ಹೇಳಲು ನೋಡಿದ. “ಎಲ್ಲಾ ಬರ್ಯಾಕ ಜಾಗ ಎಲ್ಲಿರ್ತತಿ?”

“ವಿಮಾನ ಬರ್ಯಾಕ ಜಾಗ ಇತ್ತಲ್ಲ?”

ರೈಲು ಬಂದು, ನೀರು ಕುಡಿದು, ಹೊಸಪೇಟೆ ಕಡೆಗೆ ಹೊರಟು ಹೋಯಿತು. ಅಜ್ಜಿ ಅದರ ಹೊಗೆ ಕರಗುವವರೆಗೂ ನೋಡಿದಳು. ನಾನು ಮಂಡಕ್ಕಿ ಮಿರ್ಚಿಯ ಪೊಟ್ಟಣ ಹಿಡಿದುಕೊಂಡು, ತಿನ್ನಲೋ ಬಿಡಲೋ ತಿಳಿಯದೆ ನಿಂತಿದ್ದೆ. ಕಡೆಗೆ ಅಜ್ಜಿ ಕಾಕನ ಕಡೆ ತಿರುಗಿದಳು.

“ಹೋಗು.”

ಕಾಕನ ಮುಖ ಅರಳುವಷ್ಟರಲ್ಲಿ ಅವನ ಮುಂಗೈ ಹಿಡಿದುಕೊಂಡಳು. “ಹೋಗು. ಆದ್ರ ಕೆಳಗಿನ ಮನಿ ನೀನ ನೋಡಿಕೊಂಡು ಬಂದು ನನಗ ಹೇಳಬೇಕು. ಚೆಂದ ಮಾಡಿ ಹೇಳಬಾರ್ದು. ಹೆಂಗಿತ್ತೋ ಹಂಗ.”

“ಹೇಳ್ತೀನಿ ಬಿಡು ಯವ್ವ. ಇದೇನು ದೊಡ್ಡದು?”

“ಹೇಳಾಕ ಬರಬೇಕಲ್ಲಪ್ಪ ನೀನು. ಅದಕ್ಕ ಕೇಳಾಕತ್ತೀನಿ,” ಎಂದಳು ಅಜ್ಜಿ. ಆಗ ಅವಳ ದನಿ ಒಡೆಯಿತು. ಅಜ್ಜಿ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಭರ್ತಿಯಲ್ಲಿ ಕಾಕ ಪಾಸಾದ. ಹೊರಡುವ ದಿನ ವೀರಪ್ಪನ ಕಲ್ಲಿಗೆ ಎಣ್ಣೆ ಹಚ್ಚಿ, ಕೆಳಗಿನ ಮನೆ ಮುಟ್ಟಿ, ನಡುವಿನದು ಮುಟ್ಟಿ, ಮೇಲಿನದಕ್ಕೆ ಕೈ ಎತ್ತಿದಾಗ ಅಜ್ಜಿ ತಡೆದಳು. “ಮ್ಯಾಲಿಂದು ಈಗ ಬ್ಯಾಡ. ಬಂದ ಮ್ಯಾಲೆ ಮುಟ್ಟುವಂತಿ.” ಆ ಬೇಸಿಗೆಯಲ್ಲಿ ಸರಿ ಹಚ್ಚಿದ್ದ ಹೊಸ ಕಂಬಳಿಯನ್ನು ಮಡಿಸಿ ಅವನ ಹೆಗಲಿಗೆ ಹಾಕಿದಳು. ಕರೀ ಕಂಬಳಿ, ಅಂಚಿಗೆ ಬೆಳ್ಳಗಿನ ಉಣ್ಣೆಯಲ್ಲಿ ಹಲ್ಲುಹಲ್ಲಾದ ಸಾಲು. ನಮ್ಮ ಮನೆಯಲ್ಲಿ ಮಾತ್ರ ಹಾಗೆ ನೇಯುತ್ತಿದ್ದರು. ಸಂತೆಯಲ್ಲಿ ಎಲ್ಲಿ ಕಂಡರೂ ಇದು ಯಾರ ಮನೆಯ ಕಂಬಳಿ ಎಂದು ಜನ ಹೇಳಿಬಿಡುತ್ತಿದ್ದರು.

ಆಮೇಲೆ ಕಾಯುವ ಕಾಲ. ಆಗೊಂದು ಈಗೊಂದು ಕಾಗದ ಬರುತ್ತಿತ್ತು, ಕ್ಷೇಮ ಎಂದು ನಾನೇ ಓದಿ ಹೇಳುತ್ತಿದ್ದೆ. ಗೋಡೆಯ ಸಿಪಾಯಿ ಬಿಸಿಲಿಗೆ ಮಂಕಾದ. ಮೊದಲು ಮೀಸೆ ಮಾಸಿತು, ಆಮೇಲೆ ವಿಮಾನ. ಅಜ್ಜಿಯ ಸರಿ ಮಾತ್ರ ಬಿಡಲಿಲ್ಲ. ಪಾಕಿಸ್ತಾನದ ಜೊತೆ ಯುದ್ಧ ಶುರುವಾದಾಗ ಶಾಂತಣ್ಣನ ರೇಡಿಯೋದ ಮುಂದೆ ಊರೇ ಕೂರುತ್ತಿತ್ತು. ಅಜ್ಜಿ ರೇಡಿಯೋದ ಹತ್ತಿರ ಸುಳಿಯುತ್ತಿರಲಿಲ್ಲ. ಹೊರಗೆ ಬಂದು, ಪಟದ ಕೆಳಗಿನ ಬೋಳು ಗೋಡೆಯ ಎದುರು ಕುಕ್ಕರಗಾಲಿನಲ್ಲಿ ಕೂತು ಎದ್ದು ಹೋಗುತ್ತಿದ್ದಳು. ನನಗೆ ಆ ದಿನಗಳಲ್ಲಿ ಸಿಪಾಯಿಯನ್ನು ಕಂಡರೆ ಹೆದರಿಕೆ. ಅವನು ನನ್ನನ್ನೇ ನೋಡುತ್ತಿದ್ದ, ಆದರೆ ಏನೂ ಹೇಳುತ್ತಿರಲಿಲ್ಲ.

ಯುದ್ಧ ಮುಗಿದು, ಜೋಳ ಹಾಲುಗಟ್ಟುವ ಹೊತ್ತಿಗೆ, ಕಾಕ ರಜೆಯ ಮೇಲೆ ಬಂದ.

ನಾವು ಹುಡುಗರೆಲ್ಲ ಓಡಿದೆವು. ಪಟದಿಂದ ಇಳಿದವನು ಬರುತ್ತಾನೆ ಎಂದುಕೊಂಡಿದ್ದೆ ನಾನು. ಬಂದವನು ಒಣಗಿದ, ಕಪ್ಪಾದ, ಬೂಟಿಗೆ ಕೆಮ್ಮಣ್ಣು ಮೆತ್ತಿದ ನಮ್ಮ ಕಾಕ. ತಗಡಿನ ಪೆಟ್ಟಿಗೆ ಇಳಿಸಿ ನನ್ನ ತಲೆಯ ಮೇಲೆ ಕೈಯಿಟ್ಟ. ಊರವರು ಅವನನ್ನು ಪಟದ ಪಕ್ಕ ನಿಲ್ಲಿಸಿ ಹೋಲಿಸಿದರು. “ಹಂಗ ನಿಂದ್ರಲೇ, ಒಂದು ಕಾಲು ಮ್ಯಾಲಿಟ್ಟು,” ಎಂದರು. ಅವನು ನಕ್ಕು ನಿಂತ. ಹೋಟೆಲಿನಲ್ಲಿ ಕೂತು ಹಿಮದ ಮಾತು, ಸೇಬುಹಣ್ಣಿನ ಮಾತು, ಹೇಸರಗತ್ತೆಯ ಮಾತು ಹೇಳಿ ಎಲ್ಲರನ್ನೂ ನಗಿಸಿದ. ಆ ಮಾತುಗಳನ್ನು ಕೇಳಿ ನಾನು ಬೆರಗಾಗಿದ್ದೂ ನಿಜ. ಉಗುಳಿದರೆ ನೆಲ ಮುಟ್ಟುವ ಮುಂಚೆ ಗಟ್ಟಿಯಾಗುತ್ತದಂತೆ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದೆ.

ಅಜ್ಜಿ ಕೇಳಿದ್ದು ಒಂದೇ ಮಾತು.

“ಕಂಬಳಿ ಎಲ್ಲಿ?”

“ಇಲ್ಲ ಯವ್ವ.”

ಅಷ್ಟೇ. ಅವಳು ಮತ್ತೆ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆದರೆ ಪ್ರತಿ ಊಟಕ್ಕೂ ಅವನ ಎದುರು ಕೂರುತ್ತಿದ್ದಳು, ಅವನು ಬಾಯಿ ತೆರೆದಾಗೆಲ್ಲ ಕಿವಿ ಕೊಡುತ್ತಿದ್ದಳು. ಅವನು ಚಟ್ನಿ ಹಾಕು ಎನ್ನುತ್ತಿದ್ದ. ವೀರಪ್ಪನ ಕಲ್ಲಿಗೆ ಹೋಗೋಣ ಬಾ ಎಂದು ನಾನು ಎಳೆದರೂ ಬರಲಿಲ್ಲ. ಮೇಲಿನ ಮನೆ ಮುಟ್ಟುವುದು ಬಾಕಿ ಇತ್ತು. ರಜೆ ಮುಗಿಯುತ್ತ ಬಂತು. ಕೊಟ್ಟ ಮಾತು ಮರೆತನೇ ಎಂದು ನನಗೆ ಅವನ ಮೇಲೆ ಸಿಟ್ಟು ಬಂದಿತ್ತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಹೋಟೆಲಿನ ಮುಂದೆ ಊರಿನ ಹುಡುಗರು ಅವನನ್ನು ಸುತ್ತಿಕೊಂಡಿದ್ದರು. ತಾವೂ ಭರ್ತಿಗೆ ಬರುತ್ತೇವೆ ಎಂದು ಅವರ ಗಡಿಬಿಡಿ. ಒಬ್ಬ ಕೇಳಿದ, “ಎಷ್ಟು ಮಂದಿನ ಹೊಡದ್ಯೋ ಬೀರಣ್ಣ?” ಕಾಕ ಚಹಾದ ಲೋಟವನ್ನೇ ನೋಡುತ್ತ ಕೂತ. ಆಗ ಅಜ್ಜಿ ಬಂದಳು. ಸೆರಗಿನಲ್ಲಿ ಏನೋ ಕಟ್ಟಿಕೊಂಡಿದ್ದಳು. ಬಿಚ್ಚಿದರೆ ಒಲೆಯ ಇದ್ದಿಲು.

“ಬಾಯಿಲಿ ಬರದಿದ್ರ ಕೈಲಿ ಬರ್ಲಿ,” ಎಂದು ಕಾಕನ ಮುಂದೆ ಹಿಡಿದಳು. “ಗಿಳಿ ಬರಿತಿದ್ದ್ಯಲ್ಲ. ಬರಿ. ಜಾಗ ನನ್ನ ಆಡು ಮಾಡಿಕೊಟ್ಟೈತಿ.”

ಯಾರೂ ನಗಲಿಲ್ಲ. ಕಾಕ ಇದ್ದಿಲು ತೆಗೆದುಕೊಂಡು, ಮಾಸಿದ ಸಿಪಾಯಿಯ ಬೂಟಿನ ಕೆಳಗೆ, ಬೋಳು ಗೋಡೆಯ ಮುಂದೆ ನೆಲಕ್ಕೆ ಕೂತ. ಎಷ್ಟೋ ಹೊತ್ತು ಕೈ ಎತ್ತಲಿಲ್ಲ. ಎತ್ತಿದ ಮೇಲೆ ನಿಲ್ಲಿಸಲಿಲ್ಲ.

ಬಂದೂಕು ಬರೆಯುತ್ತಾನೆ ಎಂದು ನಾನು ಕಾದೆ. ಬಂದೂಕು ಬರಲಿಲ್ಲ. ಶತ್ರು ಬರಲಿಲ್ಲ. ನೆಲಕ್ಕೆ ಕೂತ ಒಬ್ಬ ಮನುಷ್ಯ ಬಂದ. ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಇನ್ನೊಬ್ಬ ಬಂದ. ಮಲಗಿದವನ ಕುತ್ತಿಗೆಯಿಂದ ಕೆಳಕ್ಕೆ ಕಾಕ ಇದ್ದಿಲನ್ನು ಅಡ್ಡ ಹಿಡಿದು ತಿಕ್ಕಿ ತಿಕ್ಕಿ ಕಪ್ಪು ಮಾಡಿದ. ಕಡೆಗೆ ಆ ಕಪ್ಪಿನ ಅಂಚಿಗೆ ಉಗುರಿನಿಂದ ಕೆರೆದ. ಹಲ್ಲುಹಲ್ಲಾದ ಬೆಳ್ಳಗಿನ ಸಾಲು ಎದ್ದಿತು. ನೀರಿಗೆ ಬಂದ ಹೆಂಗಸರು ಅಲ್ಲಿ ನಿಂತಿದ್ದರು, ಅವರ ಬಾಯಿಂದ ಒಂದು ಉಸಿರು ಬಂತು. ಅದು ಯಾರ ಮನೆಯ ಕಂಬಳಿ ಎಂದು ಎಲ್ಲರಿಗೂ ಗೊತ್ತು.

ಮಲಗಿದವನಿಗೆ ಒಂದೇ ಕಾಲು ಎಂಬುದು ಆಮೇಲೆ ನನ್ನ ಕಣ್ಣಿಗೆ ಬಿತ್ತು.

“ಮುರುಗ ಅಂತ,” ಎಂದ ಕಾಕ, ಗೋಡೆಗೇ ಹೇಳುವ ಹಾಗೆ. “ಮದ್ರಾಸ್ ಕಡೆಯವ. ಮೊದಮೊದಲು ಅವನ ಮಾತು ನನಗ ತಿಳೀತಿದ್ದಿಲ್ಲ, ನಂದು ಅವಗ. ಅವರ ಮನ್ಯಾಗೂ ಆಡು ಸಾಕ್ಯಾರಂತ. ಆಡು ಕರ್ಯೋದು ಒಬ್ಬರಿಗೊಬ್ಬರು ಕಲಿಸಿದ್ವಿ.”

ಅಜ್ಜಿ ಅವನ ಪಕ್ಕ ಕೂತಳು.

“ನಾವು ದಾರಿ ಮಾಡೋರು, ಯವ್ವ. ನೆಲದಾಗ ಮದ್ದು ಹೂಳಿರ್ತಾರ, ಹಿಂದ ಬರೋರಿಗೆ ಅದನ್ನ ಹುಡುಕಿ ತೆಗಿಯೋದು. ಒಂದು ಸಿಗಲಿಲ್ಲ. ಚಳಿ ಚಳಿ ಅಂದ. ಕಂಬಳಿ ಹೊಚ್ಚಿದೆ. ಸಂಜಿತನ ಇದ್ದ.” ಕಾಕ ಕೈಯ ಕಪ್ಪನ್ನು ತೊಡೆಗೆ ಒರೆಸಿಕೊಂಡ. “ಕಂಬಳಿ ವಾಪಸ್ ತಗೊಳ್ಳಾಕ ಮನಸಾಗಲಿಲ್ಲ.”

“ಅವನ ಅವ್ವಗ ಗೊತ್ತೈತೇನು?”

“ತಾರು ಹೋಗಿರ್ತತಿ ಯವ್ವ.”

“ತಾರಿನಾಗ ಕಂಬಳಿ ಹೊಚ್ಚಿದ್ದು ಬರ್ದಿರ್ತಾರೇನು?”

ಕಾಕ ತಾಯಿಯ ಹೆಗಲ ಮೇಲೆ ತಲೆಯಿಟ್ಟು ಅಳಲು ಶುರು ಮಾಡಿದ. ಅಷ್ಟು ಜನರ ಎದುರು, ಸೈನ್ಯದ ಬೂಟು ಹಾಕಿಕೊಂಡ ಗಂಡಸು, ಚಿಕ್ಕ ಹುಡುಗನ ಹಾಗೆ. ಅಜ್ಜಿ ಸೊಂಟದ ಚೀಲದಿಂದ ಭಂಡಾರ ತೆಗೆದು, ಆ ಅರಿಸಿನದ ಪುಡಿಯನ್ನು ಇದ್ದಿಲಿನ ಮುರುಗನ ಹಣೆಗೆ ಹಚ್ಚಿದಳು. ಉಳಿದದ್ದನ್ನು ಮಗನ ಹಣೆಗೆ ಹಚ್ಚಿದಳು.

ಪಟ ಬಂದ ದಿನ ಆದ ಬೆರಗನ್ನು ಹೇಳಿದೆನಲ್ಲ. ಈ ದಿನದ್ದು ಅದಕ್ಕಿಂತ ದೊಡ್ಡದು. ಮೇಲೆ ಬಣ್ಣದ ಸಿಪಾಯಿ ಮಾಸಿ ನಿಂತಿದ್ದ, ಕೆಳಗೆ ಕರೀ ಇದ್ದಿಲಿನ ಇಬ್ಬರು. ಆ ಹೊತ್ತಿನಿಂದ ಊರಿನ ಯಾರ ಕಣ್ಣೂ ಮೇಲಕ್ಕೆ ಹೋಗಲಿಲ್ಲ. ನನಗೆ ಅದನ್ನು ಮುಟ್ಟಬೇಕೆನಿಸಿತು, ಮುಟ್ಟಲು ಧೈರ್ಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಕಾಕ ತಾನಾಗಿಯೇ ಕಲ್ಲಿಗೆ ಹೋಗಿ ಮೇಲಿನ ಮನೆ ಮುಟ್ಟಿ, ರೈಲು ಹತ್ತಿದ. ಆ ಚಿತ್ರ ನೋಡಿದ ಮೇಲೂ ಊರಿನ ಹುಡುಗರು ಭರ್ತಿಗೆ ಹೋದರು. ಆದರೆ ಹೋಗುವ ಮುಂಚೆ ಶಾಂತಣ್ಣನ ಗೋಡೆಗೆ ಬಂದು, ಬಗ್ಗಿ, ಕಂಬಳಿಯ ಅಂಚು ಮುಟ್ಟಿ ಹೋದರು. ದೀಪಾವಳಿಗೆ ಸುಣ್ಣ ಬಳಿಯುವಾಗ ಶಾಂತಣ್ಣ ಅಷ್ಟು ಜಾಗ ಬಿಟ್ಟು ಬಳಿಯುತ್ತಿದ್ದ. ಸರಕಾರದವರು ಬಂದು ಕೇಳಿದರೆ ಏನು ಹೇಳಲಿ ಎಂದವನೇ ಅವನು.

ಒಂದು ಜಡಿಮಳೆಗೆ ಆ ಮಣ್ಣಿನ ಗೋಡೆ ಬಿತ್ತು. ಅಜ್ಜಿ ಹೋದಳು. ಕಾಕ ಪೂರ್ತಿ ಸೇವೆ ಮುಗಿಸಿ ಊರಿಗೆ ಬಂದು, ನನ್ನ ಮದುವೆಯಲ್ಲಿ ಬಾಗಿಲಿಗೆ ಗಿಳಿ ಬರೆದು, ಮುದುಕನಾಗಿ, ಅವನೂ ಹೋದ. ನಾನು ಹಗರಿಬೊಮ್ಮನಹಳ್ಳಿಯಲ್ಲಿ ಮೇಷ್ಟರಗಿತ್ತಿಯಾಗಿ ದುಡಿದು ಅಲ್ಲೇ ನೆಲೆಸಿದೆ. ಕಂಬಳಿ ನೇಯುವವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ. ಆ ಅಂಚಿನ ಹಲ್ಲು ಹೇಗೆ ಎಬ್ಬಿಸುತ್ತಿದ್ದರು ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಕಲಿಯಬೇಕಿತ್ತು ಅನ್ನಿಸುತ್ತದೆ.

ಮೊನ್ನೆ ಮಗಳ ಮಗಳು ಚೈತ್ರಾ ಫೋನು ಹಿಡಿದುಕೊಂಡು ಬಂದಳು. ದಿನಾ ಬೆಳಿಗ್ಗೆ ಮೈದಾನದಲ್ಲಿ ಓಡುವ ಹುಡುಗಿ. ಯಾಕೆ ಓಡುತ್ತಾಳೆ ಎಂದು ನನಗೆ ಅಂದಾಜಿತ್ತು, ಕೇಳಲು ಹೆದರಿಕೆಯಿತ್ತು.

“ಅಜ್ಜಿ, ನೋಡಿಲ್ಲಿ. ಹುಡುಗೀರನ್ನೂ ತಗೊಳ್ತಾರ.”

ಫೋನಿನಲ್ಲಿ ಒಬ್ಬಳು ಸಿಪಾಯಿ ಹುಡುಗಿ. ಹಸಿರು ಬಟ್ಟೆ, ಮಡಿಕೆ ಕೆಟ್ಟಿಲ್ಲ. ಕೈಯಲ್ಲಿ ಬಂದೂಕು, ಬೆನ್ನ ಹಿಂದೆ ಬೆಳ್ಳಗಿನ ಬೆಟ್ಟ. ಈ ವಯಸ್ಸಿನಲ್ಲೂ ನನಗೆ ಮೈ ಝುಂ ಎಂದಿತು. ಸುಳ್ಳು ಹೇಳುವುದಿಲ್ಲ. ನನ್ನ ಬೆರಳು ತಾನಾಗಿಯೇ ಚಿತ್ರದ ಕೆಳಕ್ಕೆ ಹೋಗಿ ತಡಕಿತು. ಚಿತ್ರ ಜಾರಿ ಮೇಲೆ ಹೋಯಿತು, ಕೆಳಗಿನಿಂದ ಯಾವುದೋ ಸೀರೆಯ ಜಾಹೀರಾತು ಬಂತು.

“ನಾಳೆ ಊರಿಗೆ ಹೋಗೋಣ ಬಾ,” ಎಂದೆ. “ಒಂದು ಸೀಸ್ಯಾಗ ಕುಸುಬಿ ಎಣ್ಣಿ ಹಾಕ್ಕೋ.”

ಬಸ್ಸು ಇಳಿದು ನೋಡಿದರೆ ನನಗೆ ಜಾಗವೇ ಗುರುತು ಸಿಗಲಿಲ್ಲ. ರಸ್ತೆ ಅಗಲವಾಗಿದೆ, ಬೇವಿನ ಮರ ಇಲ್ಲ. ಕಲ್ಲು ಮಾತ್ರ ಇದೆ, ಆದರೆ ಎಷ್ಟು ಗಿಡ್ಡ. ಪ್ರತಿ ಸಲ ಡಾಂಬರು ಹಾಕುವಾಗಲೂ ರಸ್ತೆ ಎತ್ತರವಾಗಿ, ಮಣ್ಣು ತುಂಬಿ, ಕಲ್ಲು ಹೂತುಹೋಗಿದೆ. ಮೇಲಿನ ಮನೆಯಲ್ಲಿ ಹಿರಿಯ ಮೀಸೆ ತಿದ್ದಿಕೊಂಡು ಕೂತಿದ್ದಾನೆ. ನಡುವಿನ ಮನೆಯ ಹೆಂಗಸರು ಸೊಂಟದವರೆಗೆ ಕಾಣುತ್ತಾರೆ. ಕೆಳಗಿನ ಮನೆ ಇಲ್ಲ. ಯಾರೋ ಇತ್ತೀಚೆಗೆ ಮೇಲಿನ ಮನೆಗೆ ಬಂಗಾರದ ಬಣ್ಣ ಬೇರೆ ಬಳಿದಿದ್ದಾರೆ. ನಾನು ರಸ್ತೆಯ ಅಂಚಿಗೆ ಕೂತುಬಿಟ್ಟೆ, ಅಜ್ಜಿ ಸ್ಟೇಷನ್ನಿನಲ್ಲಿ ಕೂತ ಹಾಗೆ. ನಮ್ಮ ಕಲ್ಲೂ ಪಟವಾಗಿ ಹೋಗಿತ್ತು.

ಚೈತ್ರಾ ಎಣ್ಣೆ ಸೀಸೆ ಹಿಡಿದು ನಿಂತಿದ್ದಳು. ದಾರಿಯುದ್ದಕ್ಕೂ ನಾನು ಪಟದ ಕಥೆ, ಆಡಿನ ಕಥೆ, ಮುರುಗನ ಕಥೆ ಹೇಳಿಕೊಂಡು ಬಂದಿದ್ದೆ.

“ಕೆಳಗ ಇನ್ನೂ ಐತೇನಜ್ಜಿ ಅದು?”

“ಐತಿ. ಎಲ್ಲಿಗೆ ಹೋಗ್ತತಿ?”

ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸಿನಿಂದ ಕುರ್ಪಿ ಇಸಿದುಕೊಂಡು ಬಂದು ಅವಳು ಅಗೆಯತೊಡಗಿದಳು. ಮಣ್ಣು ಗಟ್ಟಿ, ಜಲ್ಲಿ ಬೇರೆ. ಅಂಗೈಯಲ್ಲಿ ಬೊಬ್ಬೆ ಎದ್ದರೂ ಬಿಡಲಿಲ್ಲ. ಮೊದಲು ಒಂದು ಕುರಿಯ ಕಿವಿ ಕಂಡಿತು. ಆಮೇಲೆ ಈಟಿಯ ಕೋಲು. ಆಮೇಲೆ, ಅವಳು ಬೆರಳಿನಿಂದಲೇ ಮಣ್ಣು ಬಿಡಿಸುತ್ತ ಬಿಡಿಸುತ್ತ, ಬಿದ್ದವನ ಮುಖ. ಅಷ್ಟು ವರ್ಷ ಮಣ್ಣಿನಲ್ಲಿದ್ದರಿಂದ ಅದು ಸವೆದಿರಲಿಲ್ಲ. ಬಾಯಿ ತೆರೆದಿತ್ತು.

ಚೈತ್ರಾ ಎಣ್ಣೆ ಹಚ್ಚಿ, ಆ ಮುಖದ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಕೂತಳು. ನಡುವಿನ ಮನೆ ಮುಟ್ಟಿದಳು. ಮೇಲಿನದಕ್ಕೆ ಕೈ ಎತ್ತದೆ ನನ್ನ ಕಡೆ ನೋಡಿದಳು.

ಬೇಡ ಎನ್ನಬಹುದಿತ್ತು ನಾನು. ಹೋಗಬೇಡ ಎಂದು ಅವಳ ಕಾಲು ಹಿಡಿಯಬಹುದಿತ್ತು. ಗಂಟಲಿಗೆ ಬಂದದ್ದು ಅಜ್ಜಿಯ ಮಾತು, ಮತ್ತು ಅದನ್ನು ಹೇಳುವಾಗ ಅವಳ ದನಿ ಯಾಕೆ ಒಡೆಯಿತು ಎಂಬುದು ನನಗೆ ಆ ರಸ್ತೆಯ ಅಂಚಿನಲ್ಲಿ ಪೂರ್ತಿ ತಿಳಿಯಿತು.

“ಮ್ಯಾಲಿಂದು ಬಂದ ಮ್ಯಾಲೆ ಮುಟ್ಟುವಂತಿ,” ಎಂದೆ. “ನೋಡಿಕೊಂಡು ಬಾ. ಚೆಂದ ಮಾಡಿ ಹೇಳಬ್ಯಾಡ ಮತ್ತ. ನಾನು ಕಾಯ್ತಿರ್ತೀನಿ.”